ಎರಡು ಅರ್ಜಿಗಳ ನಡುವಿನ ಬಾಳು

ವಿನಾಯಕ ದಾಮೋದರ ಸಾವರ್ಕರ್ ಎಂಬ ಹೆಸರು ಎತ್ತಿದರೆ ಸಾಕು, ಯಾವುದೇ ಕಾಲೇಜಿನ ಸಾಹಿತ್ಯ ಸಂಘದ ಕೋಣೆ ಎರಡು ಪಾಲಾಗುತ್ತದೆ. ಒಂದು ಪಾಲಿಗೆ ಅವರು ವೀರರು. ಇನ್ನೊಂದು ಪಾಲಿಗೆ ಸರಕಾರಕ್ಕೆ ಕ್ಷಮೆಯ ಅರ್ಜಿ ಬರೆದವರು, ದೇಶದ ಜನರ ನಡುವೆ ಗೆರೆ ಎಳೆದವರು. ಎರಡೂ ಕಡೆಯವರು ಗಂಟಲು ಕಟ್ಟುವ ತನಕ ವಾದಿಸುತ್ತಾರೆ, ಚಹಾ ಆರಿ ತಣ್ಣಗಾಗುತ್ತದೆ, ಕೂತ ಜಾಗದಿಂದ ಯಾರೂ ಕದಲುವುದಿಲ್ಲ. ನಾನು ಇಲ್ಲಿ ಆ ಜಗಳಕ್ಕೆ ತೀರ್ಪು ಕೊಡಲು ಹೊರಟಿಲ್ಲ. ಅವರ ಬಾಳನ್ನು ಒಂದೇ ಎಳೆ ಹಿಡಿದು ನೋಡೋಣ ಅಂತ ಹೊರಟಿದ್ದೇನೆ. 82 ವರ್ಷದ ಬಾಳಿನಲ್ಲಿ ಎರಡು ಸಲ ಅವರ ಬಿಡುಗಡೆಗಾಗಿ ಹೇಬಿಯಸ್ ಕಾರ್ಪಸ್ ಅರ್ಜಿ ನ್ಯಾಯಾಲಯಕ್ಕೆ ಹೋಯಿತು. ಮೊದಲನೆಯದು 1910ರಲ್ಲಿ, ಲಂಡನ್ನಿನಲ್ಲಿ. ಎರಡನೆಯದು 1950ರಲ್ಲಿ, ಮುಂಬಯಿಯಲ್ಲಿ. ಇವೆರಡರ ನಡುವೆ ಸಮುದ್ರ, ಅಂದಮಾನ, ಪುಣೆಯ ಯರವಡಾ ಜೇಲು, ಬೆಳಗಾವಿಯ ಹಿಂಡಲಗಾ ಜೇಲು ಎಲ್ಲವೂ ಬಂದುಹೋಗುತ್ತವೆ.

ಹೇಬಿಯಸ್ ಕಾರ್ಪಸ್ ಅಂದರೆ ಏನು? ಕಾನೂನು ಓದದ ನಮ್ಮಂಥವರಿಗೆ ಅದು ಪತ್ರಿಕೆಯಲ್ಲಿ ಕಾಣುವ ಒಂದು ಲ್ಯಾಟಿನ್ ಮಾತು ಮಾತ್ರ. ಅರ್ಥ ಬಹಳ ಸರಳ. ಒಬ್ಬನನ್ನು ಹಿಡಿದಿಟ್ಟವರಿಗೆ ನ್ಯಾಯಾಧೀಶರು ಕೊಡುವ ಅಪ್ಪಣೆ ಅದು: ಆ ಮನುಷ್ಯನನ್ನು ಮೈಸಮೇತ ನಮ್ಮ ಮುಂದೆ ತಂದು ನಿಲ್ಲಿಸಿ, ಯಾವ ಕಾನೂನಿನ ಬಲದಿಂದ ಹಿಡಿದಿಟ್ಟಿದ್ದೀರಿ ಹೇಳಿ. ಅವನು ಒಳ್ಳೆಯವನೋ ಕೆಟ್ಟವನೋ, ತಪ್ಪು ಮಾಡಿದ್ದಾನೋ ಇಲ್ಲವೋ, ಅದನ್ನು ಈ ಅಪ್ಪಣೆ ಕೇಳುವುದಿಲ್ಲ. ಹಿಡಿದವರ ಕೈಯಲ್ಲಿ ಕಾನೂನು ಇದೆಯೋ ಇಲ್ಲವೋ ಅಂತ ಅಷ್ಟೇ ಕೇಳುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಓದುವುದು ಸುಲಭ.

ಸಾವರ್ಕರರು ಹುಟ್ಟಿದ್ದು 1883ರ ಮೇ 28ರಂದು, ನಾಸಿಕದ ಹತ್ತಿರದ ಭಗೂರಿನಲ್ಲಿ. ಚಿಕ್ಕಂದಿನಲ್ಲೇ ತಾಯಿ ಕಾಲರಾಕ್ಕೆ ತುತ್ತಾದರು, 1899ರಲ್ಲಿ ತಂದೆಯನ್ನು ಪ್ಲೇಗು ಕೊಂಡೊಯ್ದಿತು. ಮನೆಯ ಭಾರ ಹೊತ್ತವರು ಅಣ್ಣ ಗಣೇಶ, ಅಂದರೆ ಬಾಬಾರಾವ್. ತಮ್ಮನೊಬ್ಬ ನಾರಾಯಣ. 1901ರಲ್ಲಿ ಮದುವೆಯಾಯಿತು. ಮಾವನವರು ಓದಿಗೆ ಆಸರೆಯಾದರು. 1902ರಲ್ಲಿ ಹುಡುಗ ಪುಣೆಗೆ ಬಂದು ಫರ್ಗ್ಯುಸನ್ ಕಾಲೇಜು ಸೇರಿದ.

ಆಗಿನ ಪುಣೆ ಎಂಥ ಊರಾಗಿತ್ತು ಅನ್ನೋದನ್ನು ನೆನೆಯಬೇಕು. ಪ್ಲೇಗಿನ ಹೆಸರಿನಲ್ಲಿ ಸೋಲ್ಜರುಗಳು ಮನೆಮನೆ ಹೊಕ್ಕದ್ದು, 1897ರಲ್ಲಿ ರ್‍ಯಾಂಡ್ ಸಾಹೇಬನ ಕೊಲೆಯಾದದ್ದು, ಚಾಪೇಕರ್ ಸಹೋದರರು ಗಲ್ಲಿಗೇರಿದ್ದು, ಅದೇ ವರ್ಷ ಟಿಳಕರು ರಾಜದ್ರೋಹದ ಆರೋಪದಲ್ಲಿ ಜೇಲಿಗೆ ಹೋದದ್ದು, ಎಲ್ಲ ಇನ್ನೂ ಹಸಿಹಸಿಯಾಗಿತ್ತು. ಇಂಥ ಊರಿನಲ್ಲಿ ಇಪ್ಪತ್ತರ ಹುಡುಗ ಸುಮ್ಮನೆ ಪಾಠ ಓದಿಕೊಂಡು ಇರಬಹುದೇ? 1905ರ ಅಕ್ಟೋಬರದಲ್ಲಿ, ದಸರೆಯ ಹೊತ್ತಿಗೆ, ಬಂಗಾಳದ ವಿಭಜನೆಯ ವಿರುದ್ಧ ವಿದೇಶಿ ಬಟ್ಟೆಯ ಹೋಳಿ ಮಾಡಿಸಿದರು. ಟಿಳಕರು ಆ ಸಭೆಯಲ್ಲಿದ್ದರು. ಕಾಲೇಜು 10 ರೂಪಾಯಿ ದಂಡ ಹಾಕಿ ವಸತಿಗೃಹದಿಂದ ಹೊರಹಾಕಿತು. ಆಗ ಪ್ರಾಂಶುಪಾಲರಾಗಿದ್ದವರು ಗಣಿತದಲ್ಲಿ ಜಗತ್ತೇ ಬಲ್ಲ ರ್‍ಯಾಂಗ್ಲರ್ ಪರಾಂಜಪೆ. ಅದೇ ವಸತಿಗೃಹದಲ್ಲಿ ಸಾವರ್ಕರರಿದ್ದ ಕೋಣೆಯನ್ನು ಕಾಲೇಜು ಈಗ ಸ್ಮಾರಕವಾಗಿ ಕಾದಿಟ್ಟಿದೆ. ಕಾಲ ಹೇಗೆ ಹೊರಳುತ್ತದೆ ನೋಡಿ!

ಬಿ.ಎ. ಮುಗಿಸಿ, ಟಿಳಕರ ಶಿಫಾರಸಿನಿಂದ ಶ್ಯಾಮಜಿ ಕೃಷ್ಣವರ್ಮರ ವಿದ್ಯಾರ್ಥಿವೇತನ ಪಡೆದು, 1906ರ ಜೂನಿನಲ್ಲಿ ಬ್ಯಾರಿಸ್ಟರಿ ಕಲಿಯಲು ಲಂಡನ್ನಿಗೆ ಹೊರಟರು. ಅಲ್ಲಿನ ಇಂಡಿಯಾ ಹೌಸು ಕೆಲವೇ ದಿನಗಳಲ್ಲಿ ಅವರ ಸುತ್ತ ತಿರುಗತೊಡಗಿತು. 1857ರ ದಂಗೆಯನ್ನು ಸ್ವಾತಂತ್ರ್ಯಸಮರ ಅಂತ ಕರೆದು ಒಂದು ದೊಡ್ಡ ಪುಸ್ತಕ ಬರೆದರು. ಸರಕಾರ ಅದರ ಮೇಲೆ ನಿಷೇಧ ಹೇರಿತು. ಬ್ಯಾರಿಸ್ಟರಿಯ ಪರೀಕ್ಷೆ ಪಾಸಾದರೂ ಅವರನ್ನು ವಕೀಲಿಗೆ ಸೇರಿಸಿಕೊಳ್ಳಲಿಲ್ಲ. ಹೀಗೆ ಕಾನೂನು ಕಲಿತವನೇ ಕಾನೂನಿನ ಕೈಗೆ ಸಿಕ್ಕುವ ಹೊತ್ತು ಹತ್ತಿರವಾಯಿತು.

1909 ಕೆಟ್ಟ ವರ್ಷ. ಜೂನಿನಲ್ಲಿ ಅಣ್ಣ ಬಾಬಾರಾವ್‌ಗೆ ಜೀವಾವಧಿ ಕರಿನೀರಿನ ಶಿಕ್ಷೆಯಾಯಿತು. ಜುಲೈ 1ರಂದು ಇಂಡಿಯಾ ಹೌಸಿನ ಒಡನಾಡಿ ಮದನಲಾಲ ಧಿಂಗ್ರಾ ಲಂಡನ್ನಿನಲ್ಲಿ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದು ಆಗಸ್ಟಿನಲ್ಲಿ ಗಲ್ಲಿಗೇರಿದ. ಡಿಸೆಂಬರ್ 21ರಂದು ನಾಸಿಕದ ನಾಟಕಗೃಹದಲ್ಲಿ ಅನಂತ ಕಾನ್ಹೇರೆ ಎಂಬ ಹುಡುಗ ಕಲೆಕ್ಟರ್ ಜ್ಯಾಕ್ಸನ್ನನನ್ನು ಕೊಂದ. ಲಂಡನ್ನಿನಿಂದ ಸಾವರ್ಕರರು ಕಳಿಸಿದ 20 ಬ್ರೌನಿಂಗ್ ಪಿಸ್ತೂಲುಗಳಲ್ಲಿ ಒಂದು ಆ ಕೊಲೆಗೆ ಬಳಕೆಯಾಯಿತು ಎಂಬುದು ಸರಕಾರದ ಆರೋಪ. ಪ್ಯಾರಿಸ್ಸಿನಲ್ಲಿ ಸುರಕ್ಷಿತವಾಗಿದ್ದ ಸಾವರ್ಕರರು ಗೆಳೆಯರ ಮಾತು ಮೀರಿ ಹಿಂದಿರುಗಿದರು. 1910ರ ಮಾರ್ಚ್ 13ರಂದು ಲಂಡನ್ನಿನ ವಿಕ್ಟೋರಿಯಾ ಸ್ಟೇಶನ್ನಿನಲ್ಲಿ ಇಳಿದೊಡನೆ ಪೊಲೀಸರು ಹಿಡಿದರು.

ಇಲ್ಲಿಂದ ನಮ್ಮ ಎಳೆ ಆರಂಭ. ಸಾಮ್ರಾಜ್ಯದ ಒಂದು ಮೂಲೆಯಲ್ಲಿ ಆರೋಪ ಹೊತ್ತವನನ್ನು ಇನ್ನೊಂದು ಮೂಲೆಯಿಂದ ಹಿಡಿದು ಕಳಿಸಲು 1881ರ ಒಂದು ಕಾಯಿದೆ ಇತ್ತು. ಅದರಲ್ಲೇ ಒಂದು ಕಿಂಡಿಯೂ ಇತ್ತು: ಕಳಿಸುವುದು ಅನ್ಯಾಯ ಅಥವಾ ಅತಿಕಠಿಣ ಅಂತ ಕಂಡರೆ ನ್ಯಾಯಾಲಯ ತಡೆಯಬಹುದು. ಮೇ ತಿಂಗಳಲ್ಲಿ ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟರು ಇಂಡಿಯಾಕ್ಕೆ ಕಳಿಸುವಂತೆ ಹೇಳಿದಾಗ, ಬ್ರಿಕ್ಸ್‌ಟನ್ ಜೇಲಿನಲ್ಲಿದ್ದ ಸಾವರ್ಕರರ ವಕೀಲರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿ ಆ ಕಿಂಡಿಗೇ ಕೈ ಹಾಕಿದರು. ನಾಲ್ಕು ವರ್ಷದಿಂದ ಈತ ಇಂಗ್ಲೆಂಡಿನಲ್ಲಿದ್ದಾನೆ. ಆರೋಪದ ಕೆಲವು ಭಾಷಣಗಳು 1906ರಷ್ಟು ಹಳೆಯವು. ಲಂಡನ್ನಿನಲ್ಲಿ ನಡೆದ ಕೆಲಸಕ್ಕೆ ಲಂಡನ್ನಿನಲ್ಲೇ ವಿಚಾರಣೆಯಾಗಲಿ, ಇಲ್ಲಿ ಜ್ಯೂರಿ ಇದೆ. ಅಲ್ಲಿಗೆ ಹೋದರೆ 1908ರ ವಿಶೇಷ ಕಾಯಿದೆಯಡಿ ಮೂವರು ನ್ಯಾಯಾಧೀಶರ ಪೀಠ, ಜ್ಯೂರಿ ಇಲ್ಲ. ವಾದದ ತಿರುಳು ಇಷ್ಟು. ಮೊದಲ ಪೀಠ ಒಪ್ಪಲಿಲ್ಲ. ಮೇಲಿನ ಪೀಠಕ್ಕೆ ಹೋದರು. ಜೂನಿನಲ್ಲಿ ಅಲ್ಲಿಯೂ ಅರ್ಜಿ ಬಿದ್ದುಹೋಯಿತು. ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಸಾಗಿಸುವ ಆದೇಶಕ್ಕೆ ಸಹಿ ಹಾಕಿದರು.

ಈ ಮೊಕದ್ದಮೆಯನ್ನು ಇಂಗ್ಲಿಷ್ ಕಾನೂನಿನ ವರದಿಗಳಲ್ಲಿ ಇವತ್ತಿಗೂ ಸಾವರ್ಕರರ ಹೆಸರಿನಲ್ಲೇ ಕಾಣಬಹುದು. ಬ್ರಿಟಿಷ್ ನ್ಯಾಯ ಅಂತ ನಮ್ಮ ಅಜ್ಜಂದಿರು ಹೆಮ್ಮೆಪಟ್ಟಿದ್ದ ಆ ದೊಡ್ಡ ಅಪ್ಪಣೆ, ಸಾಮ್ರಾಜ್ಯದ ಹಿತಕ್ಕೆ ಎದುರಾದಾಗ ಎಷ್ಟು ಮೆತ್ತಗಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ ಅಂತ ನನಗೆ ಅನಿಸುತ್ತದೆ. ಆರೋಪಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಪಿಸ್ತೂಲು ಹಗುರವಾದ ಆರೋಪವೇನೂ ಅಲ್ಲ. ಎಲ್ಲಿ, ಯಾರ ಮುಂದೆ, ಯಾವ ವಿಧಾನದಿಂದ ವಿಚಾರಣೆಯಾಗಬೇಕು ಎಂಬುದೇ ಅಲ್ಲಿದ್ದ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರ ಕೈದಿಗೆ ಸಮಾಧಾನ ಕೊಡುವಂಥದ್ದಾಗಿರಲಿಲ್ಲ.

ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೆ ಕೈದಿ ಎಲ್ಲಿಗೆ ಹೋಗಬೇಕು? ಜೇಲಿನಿಂದ ಬಿಡಿಸಿಕೊಳ್ಳುವ ಹಂಚಿಕೆಯೊಂದು ನಡೆಯಿತು. ಮುಂದೆ ಇಂಗ್ಲಿಷ್ ಕಾದಂಬರಿಕಾರರಾಗಿ ಹೆಸರಾದ ಡೇವಿಡ್ ಗಾರ್ನೆಟ್ ಅದರಲ್ಲಿ ಕೈಜೋಡಿಸಿದ್ದರು. ಅದು ಫಲಿಸಲಿಲ್ಲ. ಜುಲೈ 1ರಂದು ಮೋರಿಯಾ ಎಂಬ ಹಡಗು ಕೈದಿಯನ್ನು ಹೊತ್ತು ಹೊರಟಿತು. ಅದು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ನಿಂತಿದ್ದಾಗ, ಜುಲೈ 8ರ ಬೆಳಿಗ್ಗೆ, ಶೌಚಕ್ಕೆಂದು ಹೋದವರು ಅಲ್ಲಿನ ದುಂಡು ಕಿಟಕಿಯಿಂದ ನುಸುಳಿ ನೀರಿಗೆ ಹಾರಿದರು. ಈಜಿ ದಡ ಹತ್ತಿ ಓಡಿದರು. ಅವರ ಲೆಕ್ಕ ಸ್ಪಷ್ಟವಾಗಿತ್ತು: ಇದು ಫ್ರೆಂಚ್ ನೆಲ, ಇಲ್ಲಿ ಬ್ರಿಟಿಷ್ ವಾರಂಟು ನಡೆಯದು. ಒಬ್ಬ ಫ್ರೆಂಚ್ ಪೊಲೀಸನ ಕೈಗೆ ಸಿಕ್ಕರು. ಅವನು ಇವರನ್ನು ತನ್ನ ದೇಶದ ಮ್ಯಾಜಿಸ್ಟ್ರೇಟರ ಬಳಿಗೆ ಒಯ್ಯದೆ ನೇರವಾಗಿ ಹಡಗಿಗೇ ಮರಳಿಸಿಬಿಟ್ಟ. ಎಲ್ಲ ಕೆಲವೇ ನಿಮಿಷಗಳ ಮಾತು.

ಆ ಕೆಲವು ನಿಮಿಷಗಳು ಎರಡು ದೊಡ್ಡ ದೇಶಗಳನ್ನು ಹೇಗ್ ನಗರದ ಅಂತಾರಾಷ್ಟ್ರೀಯ ಪಂಚಾಯತಿಗೆ ಎಳೆದವು. ಮೇಡಂ ಕಾಮಾ ಪ್ಯಾರಿಸ್ಸಿನಲ್ಲಿ ಗದ್ದಲವೆಬ್ಬಿಸಿದರು. ಕಾರ್ಲ್ ಮಾರ್ಕ್ಸ್‌ನ ಮೊಮ್ಮಗ ಜೀನ್ ಲಾಂಗೆ, ಸಮಾಜವಾದಿ ಮುಂದಾಳು ಜೀನ್ ಜೋರೆಸ್ ದನಿಗೂಡಿಸಿದರು. ಹೌದು, ಸಾವರ್ಕರರ ಪರವಾಗಿ ಮಾರ್ಕ್ಸ್‌ನ ಮೊಮ್ಮಗ! ನಮ್ಮ ಕೋಣೆಯ ಎರಡೂ ಪಾಲಿನವರು ಇದನ್ನು ಗಮನಿಸಬೇಕು. ಒಬ್ಬ ಕೈದಿಯ ಹಕ್ಕಿಗಾಗಿ ದನಿಯೆತ್ತಲು ಅವನ ಎಲ್ಲ ವಿಚಾರಗಳನ್ನೂ ಒಪ್ಪಬೇಕಾಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಪಂಚಾಯತಿ 1911ರ ಫೆಬ್ರವರಿ 24ರಂದು ತೀರ್ಪು ಕೊಟ್ಟಿತು: ಹಿಡಿದು ಒಪ್ಪಿಸಿದ ರೀತಿಯಲ್ಲಿ ಕ್ರಮ ತಪ್ಪಿದೆ, ಆದರೆ ಕೈದಿಯನ್ನು ಫ್ರಾನ್ಸಿಗೆ ಮರಳಿಸುವ ಕಟ್ಟುಪಾಡು ಬ್ರಿಟನ್ನಿಗಿಲ್ಲ. ಆ ಪಂಚಾಯತಿಯಲ್ಲಿ ವಾದಿ ಪ್ರತಿವಾದಿಗಳಾಗಿ ನಿಂತದ್ದು ಎರಡು ಸರಕಾರಗಳು. ಯಾರ ಕಾಲಿಗೆ ಬೇಡಿ ಬಿದ್ದಿತ್ತೋ ಅವರಿಗೆ ಅಲ್ಲಿ ಜಾಗವಿರಲಿಲ್ಲ.

ಆ ತೀರ್ಪು ಬರುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿತ್ತು. ಮುಂಬಯಿಯ ವಿಶೇಷ ಪೀಠದಲ್ಲಿ ಮುಖ್ಯ ನ್ಯಾಯಾಧೀಶ ಬೇಸಿಲ್ ಸ್ಕಾಟ್, ಹೀಟನ್, ಮತ್ತು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ಸರ್ ನಾರಾಯಣ ಗಣೇಶ ಚಂದಾವರಕರ್ ಕೂತಿದ್ದರು. ಚಂದಾವರಕರರು ಸಾಮಾನ್ಯರಲ್ಲ. 1900ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, ಪ್ರಾರ್ಥನಾ ಸಮಾಜದ ಸುಧಾರಕರು. 1910ರ ಡಿಸೆಂಬರಿನಲ್ಲಿ ಒಂದು ಜೀವಾವಧಿ, 1911ರ ಜನವರಿ 30ರಂದು ಜ್ಯಾಕ್ಸನ್ ಕೊಲೆಗೆ ಕುಮ್ಮಕ್ಕು ಕೊಟ್ಟರೆಂದು ಇನ್ನೊಂದು ಜೀವಾವಧಿ. ಒಂದರ ಮೇಲೊಂದು, ಒಟ್ಟು 50 ವರ್ಷ. ಕೈದಿಗೆ ಆಗ 27 ವರ್ಷ. ಬಿಡುಗಡೆಯ ವರ್ಷ 1960 ಅಂತ ಲೆಕ್ಕ.

1911ರ ಜುಲೈನಲ್ಲಿ ಅಂದಮಾನಿನ ಸೆಲ್ಯುಲರ್ ಜೇಲು ಸೇರಿದರು. ಕೈದಿ ನಂಬರು 32778. ಒಂಟಿ ಕೋಣೆ, ತೆಂಗಿನ ನಾರು ಬಡಿಯುವುದು, ಎತ್ತಿನ ಹಾಗೆ ಎಣ್ಣೆಗಾಣ ತಿರುಗಿಸುವುದು. ಅದೇ ಜೇಲಿನಲ್ಲಿ ಅಣ್ಣನೂ ಇದ್ದರು. ಕಾಗದವಿಲ್ಲದ ಜಾಗದಲ್ಲಿ ಗೋಡೆಯ ಮೇಲೆ ಗೀಚಿ, ಬಾಯಿಪಾಠ ಮಾಡಿ ಮರಾಠಿ ಕವಿತೆ ಕಟ್ಟಿದರು. ಈ ದಿನಗಳ ಕಥೆಯನ್ನು ಮುಂದೆ ಅವರೇ ದೊಡ್ಡ ಪುಸ್ತಕವಾಗಿ ಬರೆದರು, ಅದು 1927ರಲ್ಲಿ ಬಂತು.

ಇಲ್ಲಿಂದಲೇ ಆ ಅರ್ಜಿಗಳು ಶುರು. 1911ರಲ್ಲೇ ಮೊದಲನೆಯದು. 1913ರಲ್ಲಿ ಗೃಹಸದಸ್ಯ ಕ್ರ್ಯಾಡಕ್ ಜೇಲಿಗೆ ಬಂದು ಹೋದ ಮೇಲೆ ಇನ್ನೊಂದು. ಆಮೇಲೆ 1914, 1917, 1920. ಸರಕಾರ ಹೇಳಿದಂತೆ ನಡೆಯುತ್ತೇನೆ, ಸಂವಿಧಾನದ ದಾರಿ ಹಿಡಿಯುತ್ತೇನೆ ಎಂಬ ಧಾಟಿಯ ಮಾತುಗಳು ಅವುಗಳಲ್ಲಿವೆ. ನಮ್ಮ ಜಗಳ ಹೊತ್ತಿಕೊಳ್ಳುವುದು ಇಲ್ಲೇ. ಅದೊಂದು ಉಪಾಯ, ಹೊರಗೆ ಬಂದು ಕೆಲಸ ಮಾಡಲೆಂದು ಬರೆದದ್ದು ಅಂತ ಒಂದು ಪಾಲು. ಅದೇ ಜೇಲಿನಲ್ಲಿ ಬಾಗದೆ ಸವೆದುಹೋದವರು ಇರಲಿಲ್ಲವೇ ಅಂತ ಇನ್ನೊಂದು ಪಾಲು. ಎರಡೂ ಮಾತಿನಲ್ಲಿ ಹುರುಳಿದೆ. ನನಗೆ ಕಾಣುವುದು ಬೇರೊಂದು ಸಂಗತಿ. ನ್ಯಾಯಾಲಯಕ್ಕೆ ಕೊಡುವ ಅರ್ಜಿ ಹಕ್ಕಿನದು, ಅಲ್ಲಿ ತಲೆ ಎತ್ತಿ ಕೇಳಬಹುದು. ಸರಕಾರಕ್ಕೆ ಕೊಡುವ ಅರ್ಜಿ ದಯೆಯದು, ಅಲ್ಲಿ ತಲೆ ಬಗ್ಗಿಸಿಯೇ ಬರೆಯಬೇಕು. ಮೊದಲನೆಯದು ಬಿದ್ದುಹೋದಾಗ ಮನುಷ್ಯನಿಗೆ ಉಳಿಯುವುದು ಎರಡನೆಯದೇ. 1910ರ ಜೂನಿನ ಸೋಲನ್ನು ಬಿಟ್ಟು 1913ರ ಅರ್ಜಿಯನ್ನು ಮಾತ್ರ ಓದುವುದು ಅರ್ಧ ಕಥೆ ಓದಿದ ಹಾಗೆ.

1919ರ ಕೊನೆಗೆ ರಾಜನ ಕ್ಷಮಾದಾನ ಘೋಷಣೆಯಾಗಿ ಅನೇಕ ರಾಜಕೀಯ ಕೈದಿಗಳು ಹೊರಬಂದರು. ಸಾವರ್ಕರ್ ಸಹೋದರರಿಗೆ ಅದು ದಕ್ಕಲಿಲ್ಲ. ತಮ್ಮ ನಾರಾಯಣರಾವ್ ಗಾಂಧೀಜಿಗೆ ಕಾಗದ ಬರೆದರು. ಗಾಂಧೀಜಿ 1920ರ ಮೇ ತಿಂಗಳಲ್ಲಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಈ ಸಹೋದರರನ್ನು ಬಿಡಬೇಕು ಅಂತ ಬರೆದರು. ಹಿಂಸೆಯ ದಾರಿಯನ್ನು ಒಪ್ಪದ ಗಾಂಧೀಜಿ, ಆ ದಾರಿ ಹಿಡಿದವರ ಬಿಡುಗಡೆ ಕೇಳಿದರು. ಲಾಂಗೆ, ಜೋರೆಸ್ ಅವರ ಸಾಲಿಗೇ ಇದೂ ಸೇರುತ್ತದೆ.

1921ರ ಮೇ ತಿಂಗಳಲ್ಲಿ ಅಣ್ಣತಮ್ಮಂದಿರನ್ನು ಈಚೆಯ ದಡಕ್ಕೆ ತಂದರು. ಸಾವರ್ಕರರು ರತ್ನಾಗಿರಿಯ ಜೇಲಿನಲ್ಲಿದ್ದು, ಕಡೆಗೆ ಪುಣೆಯ ಯರವಡಾಕ್ಕೆ ಬಂದರು. ಕಾಲೇಜು ಹುಡುಗನಾಗಿ ಬಟ್ಟೆಯ ಹೋಳಿ ಮಾಡಿಸಿದ್ದ ಊರಿಗೇ ಸುಮಾರು ಹದಿನೆಂಟು ವರ್ಷದ ಮೇಲೆ ಕೈದಿಯಾಗಿ ಬಂದದ್ದು. 1924ರ ಜನವರಿ 6ರಂದು ಯರವಡಾದ ಬಾಗಿಲು ತೆರೆಯಿತು. ಪುಕ್ಕಟೆಯಾಗಿ ಅಲ್ಲ. ರತ್ನಾಗಿರಿ ಜಿಲ್ಲೆ ಬಿಟ್ಟು ಅಪ್ಪಣೆಯಿಲ್ಲದೆ ಹೋಗಕೂಡದು, ಐದು ವರ್ಷ ರಾಜಕಾರಣ ಮಾಡಕೂಡದು. ಇಷ್ಟೇ ಆಗಿದ್ದರೆ ಇರಲಿ ಅನ್ನಬಹುದಿತ್ತು. ತನಗೆ ನಡೆದ ವಿಚಾರಣೆ ನ್ಯಾಯವಾಗಿತ್ತು, ಆದ ಶಿಕ್ಷೆ ಸರಿಯಾಗಿತ್ತು, ಹಿಂದಿನ ಹಿಂಸೆಯ ದಾರಿ ತನಗೆ ಹೇಸಿಕೆ ಎಂಬ ಅರ್ಥದ ಒಂದು ಹೇಳಿಕೆಯನ್ನೂ ಅವರು ಬರೆದುಕೊಟ್ಟರು.

ಈ ಹೇಳಿಕೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. 1910ರಲ್ಲಿ ಇದೇ ಮನುಷ್ಯ ಲಂಡನ್ನಿನ ನ್ಯಾಯಾಲಯಕ್ಕೆ ಹೇಳಿಸಿದ್ದು, ಅಲ್ಲಿ ತನಗೆ ನ್ಯಾಯವಾದ ವಿಚಾರಣೆ ಸಿಗಲಾರದು ಅಂತ. ನ್ಯಾಯಾಲಯ ಆ ಮಾತನ್ನು ತಳ್ಳಿಹಾಕಿತು, ಸರಿ. ಆದರೆ ಹದಿಮೂರು ವರ್ಷದ ಜೇಲಿನ ನಂತರ ಸರಕಾರಕ್ಕೆ ಆ ತಿರಸ್ಕಾರ ಸಾಲಲಿಲ್ಲ, ಕೈದಿಯ ಬಾಯಿಂದಲೇ ಅದರ ವಿರುದ್ಧದ ಮಾತು ಬೇಕಾಯಿತು. ಮನುಷ್ಯನ ದೇಹವನ್ನು ಬಿಡಲು ಅವನ ಮಾತನ್ನು ಒತ್ತೆಯಿಟ್ಟುಕೊಂಡ ಹಾಗೆ. ಸಾವರ್ಕರರು ಬರೆದುಕೊಡಬಾರದಿತ್ತು ಅಂತ ನೀವು ಹೇಳಬಹುದು. ಬರೆಸಿಕೊಂಡವರ ಬಗ್ಗೆ ನಾವು ಯಾಕೆ ಅಷ್ಟೇ ಬಿರುಸಾಗಿ ಮಾತಾಡುವುದಿಲ್ಲ? ನನ್ನ ಪ್ರಶ್ನೆ ಇಷ್ಟೇ.

ಐದು ವರ್ಷದ ನಿರ್ಬಂಧ ಮತ್ತೆ ಮತ್ತೆ ಹಿಗ್ಗಿ 1937ರ ಮೇ ತನಕ ಎಳೆಯಿತು. ರತ್ನಾಗಿರಿಯಲ್ಲಿ ಅವರು ಅಸ್ಪೃಶ್ಯತೆಯ ವಿರುದ್ಧ ಕೆಲಸ ಮಾಡಿದರು, ಸಹಭೋಜನ ನಡೆಸಿದರು. 1931ರಲ್ಲಿ ಎಲ್ಲ ಜಾತಿಯವರಿಗೂ ತೆರೆದ ಪತಿತಪಾವನ ಮಂದಿರ ಎದ್ದಿತು. ಜೇಲಿನಲ್ಲಿದ್ದಾಗಲೇ ಬರೆದು 1923ರಲ್ಲಿ ಹೊರಬಂದ ಹಿಂದುತ್ವದ ಪುಸ್ತಕದಿಂದ ಇನ್ನೊಂದು ದಾರಿಯೂ ತೆರೆದಿತ್ತು. ಈ ನೆಲವನ್ನು ಪಿತೃಭೂಮಿ, ಪುಣ್ಯಭೂಮಿ ಎರಡೂ ಎಂದು ಬಗೆಯುವವರೇ ಹಿಂದೂಗಳು ಎಂಬ ಅದರ ವ್ಯಾಖ್ಯೆ ಈ ದೇಶದ ಮುಸಲ್ಮಾನರನ್ನೂ ಕ್ರಿಶ್ಚನ್ನರನ್ನೂ ಗೆರೆಯಾಚೆ ನಿಲ್ಲಿಸಿತು. 1937ರಿಂದ ಹಿಂದೂ ಮಹಾಸಭೆಯ ಅಧ್ಯಕ್ಷರಾಗಿ ಅವರು ಮಾಡಿದ ರಾಜಕಾರಣವನ್ನು ನಾನು ಒಪ್ಪಲಾರೆ. ಆ ಚರ್ಚೆಗೆ ಬೇರೆಯೇ ಲೇಖನ ಬೇಕು.

ಗಾಂಧೀಜಿಯ ಕೊಲೆಯಾದ ಕೆಲವೇ ದಿನಗಳಲ್ಲಿ, 1948ರ ಫೆಬ್ರವರಿಯಲ್ಲಿ ಸಾವರ್ಕರರನ್ನು ಹಿಡಿದರು. ಕೆಂಪುಕೋಟೆಯ ವಿಚಾರಣೆಯಲ್ಲಿ 1949ರ ಫೆಬ್ರವರಿ 10ರಂದು ಅವರೊಬ್ಬರು ಖುಲಾಸೆಯಾದರು. ಮಾಫಿ ಸಾಕ್ಷಿಯ ಮಾತಿಗೆ ಬೇರೆ ಬೆಂಬಲ ಸಿಗಲಿಲ್ಲ. ಅವರು ತೀರಿಕೊಂಡ ಮೇಲೆ, 1969ರಲ್ಲಿ ಬಂದ ಕಪೂರ್ ಆಯೋಗದ ವರದಿ ಅವರ ಪಾತ್ರದ ಬಗ್ಗೆ ಪ್ರತಿಕೂಲವಾಗಿಯೇ ಬರೆಯಿತು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಈಗ ಎರಡನೆಯ ಅರ್ಜಿ. 1950ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಪ್ರಧಾನಿ ಲಿಯಾಕತ್ ಅಲಿಖಾನ್ ದಿಲ್ಲಿಗೆ ಬರುವ ಹೊತ್ತಿಗೆ ಸರಕಾರ ಸಾವರ್ಕರರನ್ನು ಮುಂಬಯಿಯಲ್ಲಿ ಹಿಡಿದು ಬೆಳಗಾವಿಯ ಜೇಲಿಗೆ ಕಳಿಸಿತು. ಬೆಳಗಾವಿ ಆಗ ಮುಂಬಯಿ ರಾಜ್ಯದಲ್ಲಿತ್ತು. ಈ ಸಲ ವಿಚಾರಣೆಯ ಮಾತೇ ಇರಲಿಲ್ಲ, ಹೊಸದಾಗಿ ಬಂದಿದ್ದ ಮುನ್ನೆಚ್ಚರಿಕೆ ಬಂಧನ ಕಾಯಿದೆಯ ಬಲ. ಸಂವಿಧಾನ ಜಾರಿಗೆ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಮಗ ಮುಂಬಯಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ರಾಜಕಾರಣದಿಂದ ದೂರ ಇರುತ್ತೇನೆ ಅಂತ ಬರೆದುಕೊಟ್ಟರೆ ಬಿಡುತ್ತೇವೆ ಎಂದು ಸರಕಾರದ ಕಡೆಯಿಂದ ಮಾತು ಬಂತು. 67 ವರ್ಷದ ಮುದುಕರು ಒಂದು ವರ್ಷದ ಮಟ್ಟಿಗೆ ಬರೆದುಕೊಟ್ಟರು. ಜುಲೈ 13ರಂದು ಹೊರಗೆ ಬಂದರು. ಯಾವ ಕಾನೂನಿನ ಬಲದಿಂದ ಹಿಡಿದಿರಿ ಎಂಬ ಪ್ರಶ್ನೆ ಒಪ್ಪಂದದಲ್ಲಿ ಕರಗಿಹೋಯಿತು. ಪರಕೀಯರ ಸರಕಾರ ಯರವಡಾದಲ್ಲಿ ಐದು ವರ್ಷಕ್ಕೆ ಬರೆಸಿಕೊಂಡಿತ್ತು, ನಮ್ಮದೇ ಸರಕಾರ ಒಂದು ವರ್ಷಕ್ಕೆ ಬರೆಸಿಕೊಂಡಿತು. ವ್ಯಾಪಾರದ ರೀತಿ ಮಾತ್ರ ಅದೇ.

ಅದೇ ವರ್ಷ, ಅದೇ ಕಾಯಿದೆಯಡಿ, ಸಾವರ್ಕರರಿಗೆ ಉತ್ತರ ದಕ್ಷಿಣವಾದ ಇನ್ನೊಬ್ಬರು ಮದರಾಸು ರಾಜ್ಯದ ಜೇಲಿನಲ್ಲಿದ್ದರು. ಕಮ್ಯುನಿಸ್ಟ್ ಮುಂದಾಳು ಎ.ಕೆ. ಗೋಪಾಲನ್. ಮುಂದೆ 1957ರಿಂದ ಮೂರು ಸಲ ನಮ್ಮ ಕನ್ನಡಿಗರಿರುವ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿಹೋದವರು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಸುಪ್ರೀಂ ಕೋರ್ಟು 1950ರ ಮೇ 19ರಂದು ತಳ್ಳಿಹಾಕಿತು. ಹಿಂದೂ ಮಹಾಸಭೆಯವರನ್ನೂ ಕಮ್ಯುನಿಸ್ಟರನ್ನೂ ಒಂದೇ ಕಾಯಿದೆ ನುಂಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಸಾವರ್ಕರರು 1966ರ ಫೆಬ್ರವರಿ 26ರಂದು ಮುಂಬಯಿಯಲ್ಲಿ, ಅನ್ನ ನೀರು ಬಿಟ್ಟು ತೀರಿಕೊಂಡರು. ಹತ್ತು ವರ್ಷಕ್ಕೆ ತುರ್ತುಪರಿಸ್ಥಿತಿಯ ಕಾಲ. ಯರವಡಾ ಮತ್ತೆ ತುಂಬಿತ್ತು. ಬೆಂಗಳೂರು ಜೇಲಿನಲ್ಲಿದ್ದ ವಾಜಪೇಯಿ, ಆಡ್ವಾಣಿ, ಸಮಾಜವಾದಿ ಮಧು ದಂಡವತೆ ಮುಂತಾದವರು ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹಾಕಿದ್ದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ಇಂಥ ಕಾಲದಲ್ಲಿ ಹೇಬಿಯಸ್ ಕಾರ್ಪಸ್ ಕೇಳುವ ಹಾಗೆಯೇ ಇಲ್ಲ ಎಂದುಬಿಟ್ಟರು. ನ್ಯಾಯಮೂರ್ತಿ ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು ಸುಪ್ರೀಂ ಕೋರ್ಟೇ ತೊಡೆದುಹಾಕಿದ್ದು 2017ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಬೇಕಾಯಿತು.

ಮಿತ್ರರೇ, ನಮ್ಮ ಜಗಳ ನಡೆಯಲಿ. ಸಾವರ್ಕರರನ್ನು ಹೊಗಳುವವರು ಹೊಗಳಲಿ, ತೆಗಳುವವರು ತೆಗಳಲಿ. ಆದರೆ ಹೊಗಳುವವರು, ತಮಗೆ ಆಗದ ಒಬ್ಬ ಇವತ್ತು ವಿಚಾರಣೆಯಿಲ್ಲದೆ ಜೇಲಿನಲ್ಲಿದ್ದರೆ ಅವನಿಗಾಗಿ ಅದೇ ಪ್ರಶ್ನೆ ಕೇಳಬೇಕು. ತೆಗಳುವವರು, 1910ರಲ್ಲಿ ಮತ್ತು 1950ರಲ್ಲಿ ಈ ಮನುಷ್ಯನಿಗೆ ಆ ಪ್ರಶ್ನೆಯ ಸರಿಯಾದ ಉತ್ತರ ಸಿಗಬೇಕಿತ್ತು ಅಂತ ಒಪ್ಪಬೇಕು. ಇಷ್ಟು ಒಪ್ಪಿಕೊಂಡ ಮೇಲೆ ಉಳಿದದ್ದನ್ನು ಎಷ್ಟು ಹೊತ್ತು ಬೇಕಾದರೂ ವಾದಿಸೋಣ.